ಹುಲ್ಲುಗಾವಲಿಗೆ ಬೆಂಕಿ ಕೊಡಬೇಕಾ? ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಬೇಸಿಗೆ ಗಿರಿ ಕಡೆ, ಅಂದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಲ್ಲಿ, ಹೊಗೆ ಎದ್ದಾಗ ಊರಲ್ಲಿ ಎರಡು ಮಾತು ಕೇಳಿಸುತ್ತವೆ. ಒಂದು, "ಬೆಂಕಿ ಅಂದರೆ ನಾಶ, ಒಂದು ಕಡ್ಡಿಯೂ ಉರಿಯಬಾರದು." ಇನ್ನೊಂದು, "ಹಿಂದಿನಿಂದ ಸುಡ್ತಾನೇ ಬಂದಿದ್ದೀವಿ, ಹುಲ್ಲು ಚೆನ್ನಾಗಿ ಬರುತ್ತೆ." ಎರಡರಲ್ಲೂ ಸ್ವಲ್ಪ ನಿಜವಿದೆ. ಯಾವ ಜಾಗ, ಯಾವ ತಿಂಗಳು ಅಂತ ಕೇಳದೆ ಎರಡನ್ನೂ ಒಪ್ಪುವುದು ಕಷ್ಟ. ತೋಟದವರು, ದನ ಸಾಕಿದವರು, ಚಾರಣಕ್ಕೆ ಬರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ.

ನಿಯಂತ್ರಿತ ಬೆಂಕಿ ಅಂದರೆ ಏನು? ಗುಡ್ಡ ಸುಡೋದಕ್ಕೆ ಸುಮ್ನೆ ಒಂದು ಒಳ್ಳೆ ಹೆಸರಾ?

ಎಷ್ಟು ಜಾಗ ಸುಡಬೇಕು, ಗಾಳಿ ಯಾವ ಕಡೆಯಿಂದ ಬರುವಾಗ ಸುಡಬೇಕು, ಯಾರು ಹಚ್ಚಬೇಕು, ಯಾರು ಕಾಯಬೇಕು, ಬೆಂಕಿ ಎಲ್ಲಿಗೆ ಬಂದು ಆರಬೇಕು? ಇಷ್ಟನ್ನೂ ಮೊದಲೇ ಬರೆದಿಟ್ಟು ಕೊಡುವ ಬೆಂಕಿಗೆ ಆ ಹೆಸರು. ಕಡ್ಡಿ ಗೀರುವ ಮೊದಲೇ ಅದು ಆರುವ ಜಾಗ ಗೊತ್ತಿರಬೇಕು. ಗೊತ್ತಿಲ್ಲ ಅಂದರೆ ಅದು ಕಾಡ್ಗಿಚ್ಚು, ಹಚ್ಚಿದವರು ಯಾರೇ ಆಗಿರಲಿ.

ಇದು ಹೊರದೇಶದವರ ಹೊಸ ಐಡಿಯಾ ಏನೂ ಅಲ್ಲ. ಕೇರಳದ ಎರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ವರೆಯಾಡು ಅನ್ನುವ ಕಾಡುಮೇಕೆ ಮೇಯುವ ಹುಲ್ಲುಗಾವಲನ್ನು ಭಾಗ ಮಾಡಿಕೊಂಡು, ಸರದಿ ಮೇಲೆ ಸುಡುತ್ತಾರೆ. ಅಲ್ಲಿನ ಮುದುವಾನ್ ಆದಿವಾಸಿಗಳು ಅರಣ್ಯ ಸಿಬ್ಬಂದಿ ಜೊತೆ ನಿಂತು ಆ ಕೆಲಸ ಮಾಡುತ್ತಾರೆ. ಅಸ್ಸಾಮಿನ ಕಾಜಿರಂಗದಲ್ಲೂ ಒಣಗಿದ ಎತ್ತರದ ಹುಲ್ಲನ್ನು ಇಲಾಖೆಯೇ ಸುಡುತ್ತದೆ. ನಮ್ಮ ಕಡೆ ಇಲಾಖೆ ಮಾಡುವುದು ಹೆಚ್ಚಾಗಿ ಬೆಂಕಿ ರೇಖೆಯ ಕೆಲಸ. ಅಂದರೆ ಅಂಚಿನಲ್ಲಿ ಪಟ್ಟಿಯಂತೆ ಹುಲ್ಲು ಸವರಿ, ಬೇಸಿಗೆ ಜೋರಾಗುವ ಮೊದಲೇ ಸುಟ್ಟು, ದೊಡ್ಡ ಬೆಂಕಿ ದಾಟದ ಹಾಗೆ ಮಾಡುವುದು.

ಮುಳ್ಳಯ್ಯನಗಿರಿ ಬೋಳಾಗಿರೋದು ಯಾರೋ ಕಾಡು ಕಡಿದಿದ್ದರಿಂದ ಅಲ್ವಾ? ಅಲ್ಲಿ ಗಿಡ ನೆಟ್ಟರೆ ಆಯ್ತಲ್ಲ?

ಈ ಪ್ರಶ್ನೆ ಕೇಳದ ಗಿಡ ನೆಡುವ ಕಾರ್ಯಕ್ರಮವೇ ಇಲ್ಲ. 1,930 ಮೀಟರ್ ಎತ್ತರದ ಆ ತುದಿಯ ಸುತ್ತ ಇರುವುದು ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು. ಗಾಳಿ ಬಡಿಯುವ, ಮಣ್ಣು ತೆಳುವಾದ ಬೆನ್ನಿನಲ್ಲಿ ಹುಲ್ಲು. ನೀರು ನಿಲ್ಲುವ, ಮಣ್ಣು ಆಳವಾದ ಕಣಿವೆಯಲ್ಲಿ ಮರ. ಎರಡೂ ಸೇರಿದರೇ ಆ ಗುಡ್ಡ. ನೀಲಗಿರಿಯ ಜೌಗಿನ ಮಣ್ಣು ಅಗೆದು ನೋಡಿದ ವಿಜ್ಞಾನಿಗಳಿಗೆ ಸುಮಾರು 20,000 ವರ್ಷ ಹಿಂದಿನ ಪದರದಲ್ಲೂ ಹುಲ್ಲಿನ ಗುರುತು ಸಿಕ್ಕಿದೆ. ಆಗ ಕೊಡಲಿ ಹಿಡಿದು ಕಾಡು ಕಡಿದವರು ಯಾರಿದ್ದರು?

ಎಲ್ಲ ಬೋಳುಗುಡ್ಡವೂ ಹಾಗೇ ಅಂತ ಹೇಳುತ್ತಿಲ್ಲ. ಕೆಳಗಿನ ಕೆಲವು ಇಳಿಜಾರುಗಳು ಕಾಡು ಹೋಗಿ ಹುಲ್ಲಾಗಿರುವುದೂ ಉಂಟು. ಆದರೆ ಮೇಲಿನ ಹುಲ್ಲುಗಾವಲಿಗೆ ಅಕೇಶಿಯಾ, ಸಿಲ್ವರ್ ಓಕ್ ತಂದು ನೆಟ್ಟು "ಹಸಿರು ಮಾಡಿದೆವು" ಅನ್ನುವುದನ್ನು ನಾವು ಒಪ್ಪುವುದಿಲ್ಲ. ಅದು ಮೊದಲೇ ಹಸಿರಾಗಿತ್ತು. ವೇದಾ, ಆವತಿ ಹೊಳೆಗಳು ಬಾಬಾಬುಡನ್‌ಗಿರಿ ಸಾಲಿನಲ್ಲಿ, ಹೇಮಾವತಿ ಬಲ್ಲಾಳರಾಯನ ದುರ್ಗದ ಹತ್ತಿರ ಹುಟ್ಟುತ್ತವೆ. ಆ ಹುಲ್ಲಿನ ಮೇಲೆ ಬಿದ್ದ ಮಳೆಯೇ ಇಂಗಿ ಇಳಿದು ಕೆಳಗೆ ನಮಗೆ ಸಿಗುವುದು.

ಸುಟ್ಟರೆ ಹುಲ್ಲಿನ ಬೇರೂ ಸಾಯಲ್ವಾ?

ಇಲ್ಲ. ಬಹು ವರ್ಷ ಬದುಕುವ ಹುಲ್ಲಿನ ಚಿಗುರುವ ಜಾಗ ನೆಲದ ಮಟ್ಟದಲ್ಲೋ ಸ್ವಲ್ಪ ಕೆಳಗೋ ಇರುತ್ತದೆ. ಹುಲ್ಲಿನ ಬೆಂಕಿ ಒಂದು ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಉರಿದು ಮುಂದೆ ಹೋಗುತ್ತದೆ. ಮಣ್ಣು ಒಳ್ಳೆ ಶಾಖ ತಡೆ. ಮೇಲೆ ಜ್ವಾಲೆ ಆಳೆತ್ತರ ಎದ್ದರೂ ಒಂದೆರಡು ಅಂಗುಲ ಕೆಳಗೆ ಬಿಸಿ ಹೆಚ್ಚು ಏರುವುದಿಲ್ಲ. ಕಾಫಿ ಗಿಡದ ರೆಂಬೆ ಸವರಿದ ಮೇಲೆ ಹೊಸ ರೆಕ್ಕೆ ಬರುವ ಹಾಗೆ ಇಲ್ಲೂ ಬುಡದಿಂದ ಹೊಸ ಚಿಗುರು ಬರುತ್ತದೆ.

ಕೆಲವು ಹುಲ್ಲಿಗಂತೂ ಇದಕ್ಕೆ ತಯಾರಿಯೇ ಇದೆ. ಪಂಚೆ, ಸೀರೆ ಅಂಚಿಗೆ ಚುಚ್ಚಿಕೊಳ್ಳುವ ಸೂಜಿಯಂಥ ಬೀಜ ನೋಡಿದ್ದೀರಲ್ಲ? ಅದರ ಉದ್ದದ ಬಾಲ ತೇವಕ್ಕೆ ಬಿಚ್ಚಿಕೊಂಡು, ಒಣಗಿದಾಗ ಸುತ್ತಿಕೊಂಡು ಬೀಜವನ್ನು ಮಣ್ಣಿಗೆ ತಿರುಪಿನಂತೆ ಕೊರೆದು ಇಳಿಸುತ್ತದೆ. ಬೆಂಕಿ ಬರುವ ಹೊತ್ತಿಗೆ ಬೀಜ ನೆಲದೊಳಗೆ ಸೇರಿರುತ್ತದೆ. ಮರದ ಸಸಿಗೆ ಈ ಅನುಕೂಲ ಇಲ್ಲ. ಅದರ ಚಿಗುರು ತುದಿಯಲ್ಲಿ, ಸರಿಯಾಗಿ ಜ್ವಾಲೆಯ ಎತ್ತರದಲ್ಲೇ ಇರುತ್ತದೆ. ಅದಕ್ಕೇ ಆಗಾಗ ಬೆಂಕಿ ಬೀಳುವ ಕಡೆ ಹುಲ್ಲು ಉಳಿಯುತ್ತದೆ, ಮರ ಹಿಂದೆ ಬೀಳುತ್ತದೆ.

ಹಾಗಾದರೆ ಸುಡದೇ ಬಿಟ್ಟರೆ ಏನು ನಷ್ಟ?

ನಮ್ಮ ಗುಡ್ಡಗಳಲ್ಲಿ ಬೆಳೆಯುವ ಥೆಮೆಡಾ ಟ್ರೈಆಂಡ್ರಾ ಅನ್ನುವ ಹುಲ್ಲು ಆಫ್ರಿಕಾದಲ್ಲೂ ಆಸ್ಟ್ರೇಲಿಯಾದಲ್ಲೂ ಇದೆ. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಕಾಂಗರೂ ಹುಲ್ಲು ಅಂತಾರೆ. ವಿಕ್ಟೋರಿಯಾ ರಾಜ್ಯದ ಬಯಲಿನಲ್ಲಿ ಇದರ ಮೇಲೆ ತುಂಬ ಕೆಲಸ ನಡೆದಿದೆ. ಹತ್ತು ವರ್ಷಕ್ಕೂ ಜಾಸ್ತಿ ಸುಡದೆ, ಮೇಯಿಸದೆ ಬಿಟ್ಟ ಕಡೆ ಹಳೇ ಒಣ ಹುಲ್ಲು ಒಂದರ ಮೇಲೊಂದು ಬಿದ್ದು ಬುಡಕ್ಕೆ ಬೆಳಕೇ ಸಿಗದಂತಾಯಿತು. ಹೊಸ ಚಿಗುರು ಬರಲಿಲ್ಲ, ಹುಲ್ಲಿನ ಬುಡಗಳೇ ಸತ್ತವು. ಆ ಖಾಲಿ ಜಾಗಕ್ಕೆ ಕಳೆ ಬಂತು. ಹಾಗಾಗಿ ಅಲ್ಲಿ ಕೆಲವು ವರ್ಷಕ್ಕೊಮ್ಮೆ ಸುಡುವುದು ನಿರ್ವಹಣೆಯ ಭಾಗವೇ ಆಗಿಹೋಗಿದೆ.

ಆ ಲೆಕ್ಕವನ್ನು ಇಲ್ಲಿಗೆ ಹಾಗೇ ತರುವಂತಿಲ್ಲ. ನಮ್ಮ ಮುಂಗಾರು ಬಹಳಷ್ಟು ಒಣ ಹುಲ್ಲನ್ನು ಕೊಳೆಸಿಬಿಡುತ್ತದೆ. ಗಿರಿಯ ಮೇಲೆ ಗಾಳಿ ಮತ್ತು ತೆಳು ಮಣ್ಣು ಕೂಡ ಮರವನ್ನು ತಡೆಯುತ್ತವೆ. ಆದರೆ ಕಡೂರು, ತರೀಕೆರೆ ಕಡೆಯ ಒಣ ಕಾವಲುಗಳಲ್ಲಿ (ದನ ಮೇಯಲು ಬಿಟ್ಟ ಹುಲ್ಲುಗಾವಲುಗಳಲ್ಲಿ) ಅದೇ ಕಥೆ ಬೇರೆ ರೂಪದಲ್ಲಿ ಕಾಣುತ್ತದೆ. ಮೇಯುವುದೂ ಇಲ್ಲ, ಬೆಂಕಿಯೂ ಇಲ್ಲ ಅಂದರೆ ಮುಳ್ಳುಪೊದೆ, ಬಳ್ಳಾರಿ ಜಾಲಿ ಮೆಲ್ಲಗೆ ಒಳಗೆ ಬರುತ್ತವೆ.

ಫೆಬ್ರವರಿ, ಮಾರ್ಚಿನಲ್ಲಿ ಗಿರಿ ತಾನೇ ಉರಿಯುತ್ತಲ್ಲ? ಅದೂ ಇದೇ ಕೆಲಸ ಮಾಡಿದ ಹಾಗಾಯ್ತಲ್ಲ?

ಆಗಲಿಲ್ಲ. ಮೊದಲಿಗೆ, ತಾನೇ ಉರಿಯುವುದು ಅಂತ ಹೇಳಿದರೆ ನಂಬಬೇಡಿ. ಆ ತಿಂಗಳುಗಳಲ್ಲಿ ಇಲ್ಲಿ ಸಿಡಿಲು ಅಪರೂಪ. ಹೆಚ್ಚು ಕಡಿಮೆ ಎಲ್ಲ ಬೆಂಕಿಗೂ ಮನುಷ್ಯರ ಕೈಯೇ ಕಾರಣ. ಬೀಡಿ, ಸಿಗರೇಟು ತುಂಡು, ಅಡುಗೆ ಮಾಡಿ ಆರಿಸದೆ ಬಂದ ಒಲೆ, ದನಕ್ಕೆ ಚಿಗುರು ಬರಲಿ ಅಂತ ಹಚ್ಚಿದ್ದು, ಬೇಟೆಗೆ ಹಚ್ಚಿದ್ದು, ಯಾರ ಮೇಲಿನ ಸಿಟ್ಟಿಗೋ ಹಚ್ಚಿದ್ದು.

ಇನ್ನು ಬೆಂಕಿ ಬೀಳುವ ಹೊತ್ತಿನ ಮಾತು. ಫೆಬ್ರವರಿ ಕೊನೆಗೆ ಹುಲ್ಲಿನಲ್ಲಿ ಹಸಿ ಅನ್ನುವುದೇ ಇರುವುದಿಲ್ಲ. ಮಧ್ಯಾಹ್ನದ ಬಿಸಿಲು, ಇಳಿಜಾರಿನಲ್ಲಿ ಮೇಲಕ್ಕೆ ಏರುವ ಗಾಳಿ ಎರಡೂ ಸೇರುತ್ತವೆ. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಬೆಂಕಿ ಕೆಲಸದವರ ಹಳೇ ಲೆಕ್ಕ. 20 ಡಿಗ್ರಿಗೆ ನಾಲ್ಕು ಪಟ್ಟು. ನಮ್ಮ ಗಿರಿಯಲ್ಲಿ ಅದಕ್ಕಿಂತ ಕಡಿದಾದ ಜಾಗಗಳೇ ಹೆಚ್ಚು. ಅಂಥ ಬೆಂಕಿ ಶೋಲಾ ಅಂಚಿಗೆ ನುಗ್ಗಿದರೆ ಅಂಚಿನ ಮರಗಳು ಬೇಯುತ್ತವೆ. ಮುಂದಿನ ವರ್ಷ ಅಲ್ಲಿ ಹುಲ್ಲು ಬರುತ್ತದೆ. ಅದರ ಮುಂದಿನ ವರ್ಷ ಬೆಂಕಿ ಇನ್ನೂ ಒಳಗೆ ಹೋಗುತ್ತದೆ. ಶೋಲಾ ಹೀಗೆ ಅಂಚಿನಿಂದ ಸವೆಯುತ್ತದೆ.

ಅದೇ ಗುಡ್ಡ ವರ್ಷ ವರ್ಷವೂ ಉರಿಯುವುದು ಇನ್ನೊಂದು ತೊಂದರೆ. ಹುಲ್ಲಿಗೆ ಬಿಡುವೇ ಇಲ್ಲ. ಮಾರ್ಚಿನಲ್ಲಿ ಸುಟ್ಟು ಬರಿದಾದ ಕಡಿದಾದ ಜಾಗಕ್ಕೆ ಏಪ್ರಿಲ್‌ನ ಗುಡುಗು ಮಳೆ ಬಿದ್ದರೆ ಬೂದಿಯ ಜೊತೆ ಮೇಲ್ಮಣ್ಣೂ ಹಳ್ಳಕ್ಕೆ ಇಳಿಯುತ್ತದೆ.

ಮತ್ತೆ, ಇದನ್ನು ಆರಿಸಲು ಹೋಗುವವರೂ ಮನುಷ್ಯರೇ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಹಸಿ ಸೊಪ್ಪಿನ ಕೊಂಬೆ ಹಿಡಿದು ಕಡಿದಾದ ಗುಡ್ಡದಲ್ಲಿ ಬೆಂಕಿಯ ಮೇಲ್ಗಡೆ ನಿಲ್ಲಬೇಕಾದವರ ಸ್ಥಿತಿ ಏನು ಅಂತ ಕಡ್ಡಿ ಗೀರುವವರಿಗೆ ಯಾರಾದರೂ ತೋರಿಸಬೇಕು.

ಹಿಂದಿನವರು ಸುಡ್ತಿದ್ದರಲ್ಲ, ಅವರಿಗೆ ಗೊತ್ತಿರಲಿಲ್ವಾ?

ಗೊತ್ತಿತ್ತು. ಅದರಲ್ಲಿ ನಾವು ನೆನಪಿಡಬೇಕಾದ್ದು ಅವರು ಯಾವಾಗ ಸುಡುತ್ತಿದ್ದರು ಅನ್ನುವುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಅಂತ ಕೊಡುತ್ತಿದ್ದರು. ಬೇಸಿಗೆ ಶುರುವಾಗುವ ಹೊತ್ತಿಗೇ, ತರಗೆಲೆ ಇನ್ನೂ ಕಡಿಮೆ ಇರುವಾಗ ಕೊಡುವ ತಗ್ಗು ಬೆಂಕಿ. ಆ ಬೆಟ್ಟ ವನ್ಯಜೀವಿ ಧಾಮವಾದ ಮೇಲೆ ಅದು ನಿಂತಿತು. ಆಮೇಲೆ ಲಂಟಾನ ಕಾಡು ತುಂಬಿತು, ನೆಲ್ಲಿಮರಕ್ಕೆ ಬಂದಳಿಕೆ ಹತ್ತಿತು, ಬೆಂಕಿ ನಿಲ್ಲಿಸಿದ್ದೂ ಅದಕ್ಕೊಂದು ಕಾರಣ ಅಂತ ಸೋಲಿಗರು ಹೇಳುತ್ತಾರೆ. ಅವರ ಮಾತನ್ನು ಈಗ ವಿಜ್ಞಾನಿಗಳೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಮಾರ್ಚ್ ಮಧ್ಯಾಹ್ನ ಕಡ್ಡಿ ಗೀರಿ ಬೈಕ್ ಹತ್ತಿ ಹೋಗುವವನು ಈ ಪರಂಪರೆಯ ಹೆಸರು ಹೇಳಬಾರದು.

ಹಾಗಾದರೆ ಯಾವಾಗ ಸುಡಬೇಕು?

ನಮ್ಮ ಕಡೆ ಡಿಸೆಂಬರ್ ಕೊನೆಯಿಂದ ಜನವರಿ. ಹುಲ್ಲು ಮೇಲೆ ಒಣಗಿರುತ್ತದೆ, ಬುಡದಲ್ಲಿ ಹಸಿ ಇರುತ್ತದೆ. ಬೆಳಗ್ಗೆ ಇಬ್ಬನಿ ಇರುತ್ತದೆ. ಬೆಂಕಿ ಎಲ್ಲವನ್ನೂ ಬಳಿದುಕೊಂಡು ಹೋಗುವುದಿಲ್ಲ, ಅಲ್ಲಲ್ಲಿ ಬಿಟ್ಟು ಬಿಟ್ಟು ಉರಿಯುತ್ತದೆ. ನಮಗೆ ಬೇಕಾದ್ದೂ ಅದೇ. ಶೋಲಾ ಒಳಗಿನ ತರಗೆಲೆ ಇನ್ನೂ ತಣ್ಣಗೆ ಒದ್ದೆ ಇರುವುದರಿಂದ ಬೆಂಕಿ ಅಂಚಿಗೆ ಬಂದು ಸಾಯುತ್ತದೆ.

ಗಾಳಿಯ ತೇವಾಂಶ ಸುಮಾರು ಶೇಕಡ 30ರಿಂದ 60ರ ಒಳಗಿರಬೇಕು ಅನ್ನುವುದು ಬೇರೆ ದೇಶಗಳಲ್ಲಿ ಬಳಕೆಯಲ್ಲಿರುವ ಅಂದಾಜು. ಅದಕ್ಕಿಂತ ಕಡಿಮೆಯಾದರೆ ಬೆಂಕಿ ಕೈ ಮೀರುತ್ತದೆ, ಜಾಸ್ತಿಯಾದರೆ ಬರೀ ಹೊಗೆ. ಗಾಳಿ ಪೂರ್ತಿ ನಿಂತ ದಿನವೂ ಒಳ್ಳೆಯದಲ್ಲ. ಯಾವಾಗ ಯಾವ ಕಡೆ ತಿರುಗುತ್ತದೋ ಹೇಳಲಾಗದು. ಒಂದೇ ದಿಕ್ಕಿನಿಂದ ಮೆಲ್ಲಗೆ ಬೀಸುವ ಗಾಳಿ ಬೇಕು. ಗುಡ್ಡದಲ್ಲಿ ಹಗಲು ಗಾಳಿ ಮೇಲಕ್ಕೆ ಏರುತ್ತದೆ, ಸಂಜೆ ಮೇಲೆ ಕೆಳಕ್ಕೆ ಇಳಿಯುತ್ತದೆ. ಮಧ್ಯಾಹ್ನ ಸರಿಯಾಗಿದ್ದ ಲೆಕ್ಕ ಸಂಜೆ ಆರಕ್ಕೆ ತಲೆಕೆಳಗಾಗಬಹುದು, ತೋಟ ಕೆಳಗಡೆ ಇದ್ದರೆ ಇನ್ನೂ ಅಪಾಯ.

ಒಂದು ಸಲಕ್ಕೆ ಎಷ್ಟು ಜಾಗ?

ಇಡೀ ಗುಡ್ಡ ಅಂತೂ ಬೇಡವೇ ಬೇಡ. ಅಮೆರಿಕದ ಕಾನ್ಸಾಸ್‌ನಲ್ಲಿ ಕೊನ್ಜಾ ಪ್ರೇರಿ ಅಂತ ಒಂದು ಹುಲ್ಲುಗಾವಲಿದೆ. 1970ರ ದಶಕದಿಂದ ಅಲ್ಲಿ ಒಂದೊಂದು ಭಾಗವನ್ನು ಒಂದೊಂದು ಲೆಕ್ಕದಲ್ಲಿ ಸುಟ್ಟು ನೋಡುತ್ತಿದ್ದಾರೆ. ಕೆಲವು ಪ್ರತಿ ವರ್ಷ, ಕೆಲವು 4 ವರ್ಷಕ್ಕೊಮ್ಮೆ, ಕೆಲವು 20 ವರ್ಷಕ್ಕೊಮ್ಮೆ. ವರ್ಷವೂ ಸುಟ್ಟ ಕಡೆ ಎತ್ತರದ ಹುಲ್ಲು ಮಾತ್ರ ಸೊಂಪಾಗಿ ಬಂದು ಹೂಗಿಡಗಳ ಬಗೆ ಕಡಿಮೆಯಾದವು. ಬಹಳ ವರ್ಷ ಬಿಟ್ಟ ಕಡೆ ಪೊದೆ, ಮರ ಬಂದವು. ಜಾಗವನ್ನು ತುಂಡು ತುಂಡಾಗಿ ಹಂಚಿ, ಪ್ರತಿ ವರ್ಷ ಒಂದು ತುಂಡು ಮಾತ್ರ ಸುಟ್ಟರೆ ಪಕ್ಕದಲ್ಲಿ ಹಳೇ ಹುಲ್ಲು ಯಾವಾಗಲೂ ಇರುತ್ತದೆ. ಓಡುವ ಪ್ರಾಣಿಗೆ ಜಾಗ, ಗೂಡಿಗೆ ಮರೆ. ಸುಟ್ಟ ತುಂಡು ಮುಂದಿನ ದೊಡ್ಡ ಬೆಂಕಿಗೆ ತಡೆಯೂ ಆಗುತ್ತದೆ.

ಸುಡುವ ದಿನ ಕೆಲಸ ಹೇಗೆ ನಡೆಯುತ್ತೆ?

ಮೊದಲ ಅರ್ಧ ದಿನ ಬೆಂಕಿಯೇ ಕಾಣುವುದಿಲ್ಲ. ಸುತ್ತ ಪಟ್ಟಿ ಸವರಿರಬೇಕು, ಪಕ್ಕದ ತೋಟದವರಿಗೆ, ಅಗ್ನಿಶಾಮಕ ಠಾಣೆಗೆ ತಿಳಿಸಿರಬೇಕು, ನೀರಿನ ಟ್ಯಾಂಕರ್ ಎಲ್ಲಿವರೆಗೆ ಬರುತ್ತದೆ ನೋಡಿರಬೇಕು. ಪೊದೆಯಲ್ಲಿ ಪ್ರಾಣಿ ಇದೆಯಾ ಅಂತ ಸಾಲಾಗಿ ನಡೆದು ನೋಡಬೇಕು. ಆಮೇಲೆ ಒಂದು ಮೂಲೆಯಲ್ಲಿ ಸಣ್ಣ ಪರೀಕ್ಷೆಯ ಬೆಂಕಿ. ಅದು ಅಂದುಕೊಂಡ ಹಾಗೆ ನಡೆದುಕೊಳ್ಳದಿದ್ದರೆ ಆರಿಸಿ ಮನೆಗೆ ಹೋಗಬೇಕು. ಅಷ್ಟು ಜನ ಸೇರಿಸಿದ ಮೇಲೆ "ಇವತ್ತು ಬೇಡ" ಅನ್ನುವುದು ಕಷ್ಟ, ಆದರೆ ಆ ಮಾತು ಹೇಳುವ ಅಧಿಕಾರ ಒಬ್ಬರಿಗೆ ಇರಲೇಬೇಕು.

ಹಚ್ಚುವುದು ಗಾಳಿ ಹೋಗುವ ಕಡೆಯ ಅಂಚಿನಿಂದ. ಬೆಂಕಿ ಗಾಳಿಗೆ ಎದುರಾಗಿ ಮೆಲ್ಲಗೆ ಹಿಂದಕ್ಕೆ ತಿನ್ನುತ್ತಾ ಬರುತ್ತದೆ, ಜ್ವಾಲೆ ತಗ್ಗು. ಗುಡ್ಡದಲ್ಲಾದರೆ ಮೇಲಿನ ಅಂಚಿನಿಂದ ಶುರು, ಬೆಂಕಿ ಕೆಳಕ್ಕೆ ಇಳಿಯಬೇಕು. ಸಾಕಷ್ಟು ಅಗಲಕ್ಕೆ ಕಪ್ಪು ಪಟ್ಟಿ ಆದ ಮೇಲಷ್ಟೇ ಪಕ್ಕದ ಅಂಚುಗಳಿಗೆ ಹಚ್ಚುತ್ತಾರೆ. ಕೆಲಸದವರು ಹತ್ತಿ ಬಟ್ಟೆ ಹಾಕಿರಬೇಕು. ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಕೈಯಲ್ಲಿ ಹಸಿ ಸೊಪ್ಪು, ರೇಕು, ಬ್ಲೋವರ್, ಬೆನ್ನಿಗೆ ಹಾಕುವ ಸ್ಪ್ರೇಯರ್ ಕ್ಯಾನು ಇರಲಿ. ಅಪಾಯ ಬಂದರೆ ಓಡಬೇಕಾದ್ದು ಸುಟ್ಟು ಆರಿದ ಕಪ್ಪು ನೆಲಕ್ಕೆ. ಮೇಲಕ್ಕೆ ಮಾತ್ರ ಓಡಬೇಡಿ.

ಹೆಚ್ಚಿನವರು ಸೋಲುವುದು ಕೊನೆಯಲ್ಲಿ. ಹುಲ್ಲು ಆರಿದರೂ ಒಣ ಸಗಣಿ, ಹಳೇ ಮರದ ಬುಡ ರಾತ್ರಿ ಪೂರ್ತಿ ಒಳಗೊಳಗೇ ಕನಲುತ್ತವೆ. ಮಾರನೇ ದಿನ ಮಧ್ಯಾಹ್ನ ಗಾಳಿ ಎದ್ದಾಗ ಅಲ್ಲಿಂದಲೇ ಕಿಡಿ ಹಾರುತ್ತದೆ. ಅಂಚಿನ ಪ್ರತಿ ಬುಡವನ್ನೂ ಕೈ ಹಿಂಬದಿ ಹಿಡಿದು ಬಿಸಿ ನೋಡಿ, ನೀರು ಹಾಕಿ, ಮಾರನೇ ದಿನವೂ ಕಾಯಬೇಕು.

ಪ್ರಾಣಿ, ಪಕ್ಷಿ ಸಾಯಲ್ವಾ?

ಸಾಯುತ್ತವೆ. ನಿಧಾನಕ್ಕೆ ಚಲಿಸುವವು, ಹುಲ್ಲಿನ ಬುಡದಲ್ಲಿ ಇರುವ ಹುಳು, ಆಮೆ, ಕಪ್ಪೆ ಹೆಚ್ಚು ಪೆಟ್ಟು ತಿನ್ನುತ್ತವೆ. ಕಾಟಿ, ಕಡವೆ ಓಡುತ್ತವೆ, ಚಿಗುರು ಬಂದ ಮೇಲೆ ವಾಪಸ್ ಬಂದು ಮೇಯುತ್ತವೆ. ಅಸ್ಸಾಮಿನ ಮಾನಸ್‌ನಲ್ಲಿ ಪಿಗ್ಮಿ ಹಂದಿ ಅನ್ನುವ ಪುಟ್ಟ ಪ್ರಾಣಿಗೆ ವರ್ಷವೂ ಸುಡುವುದೇ ದೊಡ್ಡ ಕಂಟಕಗಳಲ್ಲಿ ಒಂದು. ಅದಕ್ಕೆ ಎತ್ತರದ ಹಳೇ ಹುಲ್ಲೇ ಮನೆ. ನಮ್ಮ ಕಾವಲುಗಳಿಗೆ ಚಳಿಗಾಲದಲ್ಲಿ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ನೆಲದ ಮೇಲೆ, ಹುಲ್ಲಿನೊಳಗೇ ಮಲಗುತ್ತವೆ. ಜನವರಿಯಲ್ಲಿ ಸುಡುವುದಾದರೆ ಅವು ಇಳಿಯುವ ತುಂಡನ್ನು ಬಿಡಲೇಬೇಕು.

ಬಾಸೂರು ಕಾವಲಿನಂಥ ಕಡೆ ಇದು ಬೇಕಾ?

ನಮ್ಮ ಅಭಿಪ್ರಾಯದಲ್ಲಿ ಜಿಲ್ಲೆಯಲ್ಲಿ ಈ ಪ್ರಯೋಗಕ್ಕೆ ಗಿರಿಗಿಂತ ಕಾವಲು ಸರಿಯಾದ ಜಾಗ. ನೆಲ ಹೆಚ್ಚು ಕಡಿಮೆ ಮಟ್ಟಸ, ಸುತ್ತ ಗಾಡಿ ಹೋಗುತ್ತದೆ, ಪಕ್ಕದಲ್ಲಿ ಶೋಲಾ ಇಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, ಸುಮಾರು 7 ಚದರ ಕಿಲೋಮೀಟರ್. ಕೃಷ್ಣಮೃಗಗಳಿಗೆ ಗಿಡ್ಡ, ಹೊಸ ಹುಲ್ಲಿನ ಬಯಲು ಇಷ್ಟ. ದೂರದವರೆಗೆ ಕಣ್ಣು ಹಾಯಬೇಕು ಅವಕ್ಕೆ.

ಈ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಕ್ಕಾಗಿಯೇ ಉಳಿದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ, ಅಂದರೆ ಅರಮನೆಯ ದನಗಳ ಇಲಾಖೆಗೆ, ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. ತಳಿ ಕೇಂದ್ರ ಈಗಲೂ ಅಜ್ಜಂಪುರದಲ್ಲಿದೆ. ಆಗ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಅಂತ ಬೇರೆ ಬೇರೆ ಇದ್ದವು. ದನ ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲಿಗೆ ಬಿಡುವು. ಆ ಸರದಿ ಮತ್ತೆ ಬಂದರೆ ಬೆಂಕಿಯ ಅಗತ್ಯ ಬಹಳ ಕಡಿಮೆಯಾಗುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ಕಡ್ಡಿಪೆಟ್ಟಿಗೆ.

ಲಂಟಾನ, ಜಾಲಿ, ಅಕೇಶಿಯಾ ಬೆಂಕಿಗೆ ಹೋಗುತ್ತಾ?

ಬೆಂಕಿ ಒಂದರಿಂದಲೇ ಹೋಗುವುದಿಲ್ಲ. ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ, ಬಳ್ಳಾರಿ ಜಾಲಿಯೂ ಅಷ್ಟೇ. ಅಕೇಶಿಯಾ ಬೀಜಕ್ಕೆ ಶಾಖ ತಗುಲಿದರೆ ಮೊಳಕೆ ಇನ್ನೂ ಜೋರು. ಮೊದಲು ಬೇರು ಸಮೇತ ಕೀಳಬೇಕು, ಹುಲ್ಲು ಮತ್ತೆ ಕೂರಬೇಕು. ಹುಲ್ಲು ಕೂತ ಮೇಲೆ ಸಣ್ಣ ಸಸಿಗಳನ್ನು ಹಿಡಿತದಲ್ಲಿಡಲು ಬೆಂಕಿ ಉಪಯೋಗಕ್ಕೆ ಬರಬಹುದು.

ನೀಲಕುರಿಂಜಿ ಕಥೆ?

2022ರಲ್ಲಿ ಗಿರಿ ನೀಲಿಯಾಗಿದ್ದು ನೆನಪಿದೆಯಲ್ಲ. ಕುರಿಂಜಿ ವರ್ಷಗಟ್ಟಲೆ ಬೆಳೆದು, ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಹೂ ಬಿಟ್ಟ ವರ್ಷ ಬೀಜ ಉದುರುವ ಮೊದಲು ಬೆಂಕಿ ಬಿದ್ದರೆ ಮುಂದಿನ ತಲೆಮಾರು ಹೋದ ಹಾಗೆ. ಎಳೇ ಸಸಿಗಳ ಹಂತದಲ್ಲೂ ಅದೇ ಅಪಾಯ. ಕುರಿಂಜಿ ಇರುವ ತುಂಡುಗಳನ್ನು ಸುಡುವ ಪಟ್ಟಿಯಿಂದ ಹೊರಗಿಡುವುದೇ ಒಳ್ಳೆಯದು.

ನನ್ನ ತೋಟದ ಮೇಲಿನ ಗುಡ್ಡ. ನಾನೇ ಜನವರಿಯಲ್ಲಿ ಸುಟ್ಟುಬಿಡಲಾ?

ಬೇಡ. ಅದು ಮೀಸಲು ಅರಣ್ಯವಾಗಿದ್ದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಬೆಂಕಿ ಹಚ್ಚುವುದು ಅಪರಾಧ. ಭದ್ರಾದಂಥ ಅಭಯಾರಣ್ಯದಲ್ಲಿ, ಬಾಸೂರಿನಂಥ ಸಂರಕ್ಷಣಾ ಮೀಸಲಿನಲ್ಲಿ 1972ರ ವನ್ಯಜೀವಿ ಕಾಯ್ದೆಯ 30ನೇ ಕಲಮು ಬರುತ್ತದೆ. ಉದ್ದೇಶ ಒಳ್ಳೆಯದಿತ್ತು ಅಂದರೆ ಕೇಸು ಬಿಡುವುದಿಲ್ಲ. ಸರ್ಕಾರಿ ಗೋಮಾಳ ಅಂತ ಅಂದುಕೊಂಡ ಎಷ್ಟೋ ಗುಡ್ಡ ದಾಖಲೆಯಲ್ಲಿ ಅರಣ್ಯ ಇರುತ್ತದೆ.

ನಿಮ್ಮ ಕೈಯಲ್ಲಿ ಇರುವುದು ನಿಮ್ಮ ಬೇಲಿಯ ಒಳಗಿನ ಕೆಲಸ. ಡಿಸೆಂಬರ್ ಮುಗಿಯುವ ಮೊದಲು ಗುಡ್ಡದ ಕಡೆಯ ಅಂಚಿನಲ್ಲಿ ಹುಲ್ಲು, ಸಿಲ್ವರ್ ತರಗು ಗುಡಿಸಿ ಪಟ್ಟಿ ಬಿಡಿಸಿ. ಗುಡಿಸಿದ್ದನ್ನು ಅಲ್ಲೇ ಸುಡದೆ ಗೊಬ್ಬರದ ಗುಂಡಿಗೆ ಹಾಕಿ. ಕಾಫಿ ಹೂ ಬಿಡಲಿ ಅಂತ ನೀರು ಹಾಯಿಸಲು ಜೋಡಿಸಿಟ್ಟ ಸ್ಪ್ರಿಂಕ್ಲರ್ ಪೈಪಿನ ಒಂದು ಬಾಯಿ ಆ ಕಡೆಗೂ ತಲುಪುವ ಹಾಗೆ ಇಟ್ಟುಕೊಳ್ಳಿ. ಮೇಲಿನ ಗುಡ್ಡಕ್ಕೆ ಬೆಂಕಿ ರೇಖೆ ಬೇಕು ಅಂತ ವಲಯ ಅರಣ್ಯ ಕಚೇರಿಗೆ ಅಕ್ಟೋಬರಿನಲ್ಲೇ ಬರೆದು ಕೊಡಿ. ಫೆಬ್ರವರಿಯಲ್ಲಿ ಕೇಳಿದರೆ ಅವರಿಗೆ ಕೈ ತುಂಬ ಕೆಲಸ.

ಹೊಗೆಯಿಂದ ಇಂಗಾಲ ಜಾಸ್ತಿ ಆಗಲ್ವಾ?

ಹುಲ್ಲಿನ ಹೆಚ್ಚಿನ ಇಂಗಾಲ ಮಣ್ಣಿನಲ್ಲಿ, ಬೇರಿನಲ್ಲಿ ಇದೆ. ಮೇಲೆ ಉರಿದದ್ದನ್ನು ಮುಂದಿನ ಮಳೆಗಾಲದ ಹುಲ್ಲು ಬಹುಪಾಲು ವಾಪಸ್ ಎಳೆದುಕೊಳ್ಳುತ್ತದೆ. ಮರ, ಶೋಲಾ ಉರಿದರೆ ಆ ಲೆಕ್ಕ ಸರಿಹೋಗಲು ದಶಕಗಳೇ ಬೇಕು. ಹೊಗೆ ಮಾತ್ರ ನಿಜವಾದ ತೊಂದರೆ. ಉಬ್ಬಸ ಇರುವವರು ಕೆಳಗಿನ ಊರಲ್ಲಿದ್ದರೆ ಮೊದಲೇ ಹೇಳಿಟ್ಟಿರಬೇಕು.

ಗುಡ್ಡದಲ್ಲಿ ಬೆಂಕಿ ಕಂಡರೆ ಏನು ಮಾಡಲಿ?

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಸಿಗದಿದ್ದರೆ 112. "ಗಿರಿ ಕಡೆ ಹೊಗೆ" ಅಂದರೆ ಅವರಿಗೆ ಉಪಯೋಗವಿಲ್ಲ. ಯಾವ ಊರಿನ ಮೇಲೆ, ಯಾವ ರಸ್ತೆಯಿಂದ ಹತ್ತಿರ, ಬೆಂಕಿ ಮೇಲಕ್ಕೆ ಹೋಗುತ್ತಿದೆಯಾ ಪಕ್ಕಕ್ಕಾ, ಇಷ್ಟು ಹೇಳಿ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹದಿಂದ ಬೆಂಕಿ ಪತ್ತೆ ಮಾಡಿ ಎಸ್‌ಎಂಎಸ್ ಕಳಿಸುತ್ತದೆ, ಯಾರು ಬೇಕಾದರೂ ನೋಂದಾಯಿಸಬಹುದು. ಆದರೆ ಉಪಗ್ರಹ ಮೇಲೆ ಬರುವುದು ದಿನಕ್ಕೆ ಕೆಲವೇ ಸಲ, ಅದರ ಒಂದು ಚುಕ್ಕೆ ಅಂದರೆ ನೆಲದ ಮೇಲೆ 375 ಮೀಟರ್. ಸಣ್ಣ ಬೆಂಕಿ ಅದಕ್ಕಿಂತ ಮೊದಲು ನಿಮ್ಮ ಕಣ್ಣಿಗೇ ಬೀಳುತ್ತದೆ. ತರಬೇತಿ ಇಲ್ಲದೆ ನೀವೇ ಮೇಲಕ್ಕೆ ಹತ್ತಬೇಡಿ. ಬಂದ ಸಿಬ್ಬಂದಿಗೆ ದಾರಿ ತೋರಿಸಿ, ಕುಡಿಯಲು ನೀರು ಕೊಡಿ, ತೋಟದ ಗೇಟಿನ ಬೀಗ ತೆಗೆದಿಡಿ.